ಅಣ್ಣನ ತೂಕಕ್ಕೆ ಕೂತದ್ದು

ಗಡಹಿಂಗ್ಲಜದ ದೊಡ್ಡಪ್ಪನ ಬೆಲ್ಲದ ಅಂಗಡಿಯಲ್ಲಿ ಒಂದು ಬೆಳಿಗ್ಗೆ ನನ್ನನ್ನು ಕಾಟಾದ ಮೇಲೆ ನಿಲ್ಲಿಸಿ ತೂಗಿದರು. ಪೆಂಟಿಗಳನ್ನು, ಅಂದರೆ ಬೆಲ್ಲದ ದೊಡ್ಡ ಅಚ್ಚುಗಳನ್ನು ತೂಗುವ, ನೆಲಕ್ಕೆ ಹತ್ತಿಕೊಂಡಿರುವ ಅಗಲ ತಗಡಿನ ಕಾಟಾ ಅದು. ಮೊದಲು ನಮ್ಮ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಹತ್ತಿ ಇಳಿದ. ಆಮೇಲೆ ನನ್ನನ್ನು ಕರೆದ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ನನ್ನ ಎಡಗಾಲು ಸೊರಗಿದೆ. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಬಗಲಲ್ಲಿ ಊರುಗೋಲು ಹಿಡಿದು ನಡೆಯುತ್ತೇನೆ.

“ಕುಬಡಿ ಈ ಕಡೆ ಕೊಡು. ಕಾಲಿನ ಕಬ್ಬಿಣಾನೂ ಬಿಚ್ಚು,” ಎಂದ ಅಣ್ಣ, ನನ್ನ ಊರುಗೋಲು ಹಿಡಿದು. “ಖರೇ ತೂಕ ಬೇಕ ನನಗ.”

ಪಟ್ಟಿ ಬಿಚ್ಚಿ ಒಂದೇ ಕಾಲಿನ ಮೇಲೆ ನಿಂತೆ. ಹಮಾಲರು ಕೆಲಸ ಬಿಟ್ಟು ನೋಡತೊಡಗಿದರು. ಬೀಳುವಂತಾಗಿ ಪಕ್ಕದಲ್ಲಿದ್ದ ಹಮಾಲನ ಭುಜಕ್ಕೆ ಕೈ ಚಾಚಿದೆ. ಮುಟ್ಟಬೇಡ, ಮುಟ್ಟಿದರೆ ತೂಕ ತಪ್ಪುತ್ತದೆ ಎಂದು ಅಣ್ಣ ಆ ಕೈಯನ್ನು ಸರಿಸಿದ. ನಾನು ತೂರಾಡಿದಷ್ಟೂ ಕಾಟಾದ ಅಂಕಿ ಏರಿಳಿಯುತ್ತಿತ್ತು. ಕೊನೆಗೆ ತಗಡಿನ ಮೇಲೆ ಕೂತುಬಿಟ್ಟೆ. ಅಂಕಿ ನಿಂತಿತು. ಅಣ್ಣನಿಗಿಂತ ನಾನು ಒಂದು ಬೆಲ್ಲದ ಪೆಂಟಿಯಷ್ಟು ಹಗುರವಿದ್ದೆ.

“ಒಂದ ಪೆಂಟಿ ತೊಡಿ ಮ್ಯಾಲ ಇಟ್ರ ಬರೋಬ್ಬರಿ ಆತು,” ಎಂದ ಅವನು.

ಗಾದಿಯ ಮೇಲೆ ಕೂತಿದ್ದ ದೊಡ್ಡಪ್ಪ ಇದನ್ನೆಲ್ಲ ನೋಡಿದ. ನಾನು ಎದ್ದು ಗೋಡೆ ಹಿಡಿದುಕೊಂಡ ಮೇಲೆ ಹಮಾಲರಿಗೆ ಹೇಳಿದ, “ಕಾಟಾ ಒರಸ್ರಿ. ಮಾಲ ತೂಗೋದೈತಿ.”

ನಮ್ಮಪ್ಪ ಈ ಅಂಗಡಿಯಲ್ಲಿ ತಮ್ಮನಾಗಿರುವುದಕ್ಕಿಂತ ಬೇರೆಯವರ ಕೈಕೆಳಗೆ ಆಳಾಗಿರುವುದೇ ಮೇಲು ಎಂದುಕೊಂಡು ಇಚಲಕರಂಜಿಗೆ ಬಂದವನು. ಅಲ್ಲಿನ ಶಹಾಪುರ ಓಣಿಯ ಒಂದು ಶೆಡ್ಡಿನಲ್ಲಿ ಮಗ್ಗ ನಡೆಸಿ ಅಲ್ಲೇ ತೀರಿಕೊಂಡ. ಈಗ ನಾನು, ಅವ್ವ ಇಬ್ಬರೇ. ಮಗ್ಗಕ್ಕೆ ಹೊಸ ಹಾಸು ಬಂದಾಗ ಅದರ ಸಾವಿರಾರು ಎಳೆಗಳನ್ನು ಒಂದೊಂದಾಗಿ ಬಾಚಣಿಗೆಯಂಥ ಫಣಿಯ ಸಂದಿಯಲ್ಲಿ ಪೋಣಿಸುವುದು ನನ್ನ ಕೆಲಸ. ಕೂತು ಮಾಡುವ ಕೆಲಸವಾದ್ದರಿಂದ ಯಾರೂ ನನ್ನ ಕಾಲನ್ನು ನೋಡುವುದಿಲ್ಲ.

ಅಣ್ಣನಿಗೆ ಕಾರಿನ ಹುಚ್ಚು. ಕೊಲ್ಹಾಪುರದ ಹೊರಗಿನ ಟ್ರ್ಯಾಕಿನಲ್ಲಿ ಓಡಿಸುವುದಕ್ಕೆಂದೇ ಹಳೆಯ ಸಣ್ಣ ಕಾರೊಂದನ್ನು ಸಿದ್ಧಮಾಡಿಸಿದ್ದ. ಹಿಂದಿನ ಸೀಟು, ಪಕ್ಕದ ಸೀಟು ಎರಡನ್ನೂ ಕಿತ್ತು, ಒಳಗೆ ಉಕ್ಕಿನ ಕೊಳವೆಗಳ ಪಂಜರ ಹಾಕಿಸಿದ್ದ. ಓಡಿಸುವವನಿಗೆ ಮಾತ್ರ ಆಳವಾದ ತೊಟ್ಟಿಯಂಥ ಸೀಟು, ಹೆಗಲಿನಿಂದ ಸೊಂಟದವರೆಗೆ ಬಿಗಿಯುವ ಬೆಲ್ಟು. ಆ ವರ್ಷ ಪುಣೆಯಿಂದ ಹೊಸ ಸಸ್ಪೆನ್ಶನ್ ತರಿಸಿದ. ಅದರ ಶಾಕ್ ಅಬ್ಸಾರ್ಬರಿನ ಬಳೆ ತಿರುಗಿಸಿ ಗಾಡಿಯನ್ನು ಎಷ್ಟು ಬೇಕೋ ಅಷ್ಟು ತಗ್ಗಿಸಬಹುದಿತ್ತು. ಹಾಕಿಸಿದ ಮೇಲೆ ಕಾರು ನೆಲಕ್ಕೆ ಕುಕ್ಕರಿಸಿ ಕೂತಂತೆ ಚೆಂದ ಕಾಣುತ್ತಿತ್ತು, ಓಡಿಸಲು ಮಾತ್ರ ಬರುತ್ತಿರಲಿಲ್ಲ. ಸ್ಪ್ರಿಂಗು ಹದಕ್ಕೆ ಬರಲೆಂದು ಕೆಲವು ದಿನ ಉತ್ತೂರಿನ ದಾರಿಯಲ್ಲಿ ಓಡಿಸಿದ. ಬ್ರೇಕು ಒತ್ತಿದರೆ ಎಡಕ್ಕೆ ಎಳೆಯುತ್ತಿತ್ತು. ನೇರ ಹೋಗಬೇಕಾದರೆ ಸ್ಟಿಯರಿಂಗನ್ನು ಸೊಟ್ಟ ಹಿಡಿಯಬೇಕಿತ್ತು. ಹೊಸ ಟೈರುಗಳ ಒಳಅಂಚು ಆಗಲೇ ಸವೆದು ದಾರ ಕಾಣತೊಡಗಿತ್ತು. ಕೊಲ್ಹಾಪುರದ ಹೊರಗೆ ಚಕ್ರಗಳ ಅಲೈನ್‌ಮೆಂಟ್ ಮಾಡುವವನೊಬ್ಬನಿಗೆ ಫೋನ್ ಮಾಡಿದಾಗ ಅವನು ಹೇಳಿದನೆಂದು ಅಣ್ಣ ನನಗೆ ತಿಳಿಸಿದ್ದು ಇಷ್ಟು: ಟ್ರ್ಯಾಕಿನ ಗಾಡಿಯಾದರೆ, ಓಡಿಸುವಾಗ ಒಳಗೆ ಎಷ್ಟು ತೂಕ ಇರುತ್ತದೋ ಅಷ್ಟೇ ತೂಕ ಆ ಸೀಟಿನ ಮೇಲೆ ಇರಬೇಕು. ಖಾಲಿ ಗಾಡಿಗೆ ಕೂಡಿಸಿದ ಲೆಕ್ಕ ಆಳು ಕೂತ ಕೂಡಲೇ ತಪ್ಪುತ್ತದೆ.

ಅಣ್ಣನಿಗೆ ತಾನೇ ಸೀಟಿನಲ್ಲಿ ಕೂತಿರಲು ಮನಸ್ಸಿರಲಿಲ್ಲ. ಹೊರಗೆ ನಿಂತು ಹೇಳಿ ಮಾಡಿಸಬೇಕಿತ್ತು. ನನಗೆ ಫೋನ್ ಮಾಡಿದ.

“ಗಾಡಿ ಕೆಲಸ ಐತಿ, ಬಾ. ಡ್ರೈವರ್ ಸೀಟನ್ಯಾಗ ಕುಂಡ್ರಸ್ತೇನಿ ನಿನ್ನ.”

ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಫೋನಿನಲ್ಲಿ ಕಾರಿನ ರೇಸುಗಳನ್ನು ನೋಡುತ್ತಲೇ ನಾನು ಊಟ ಮಾಡುತ್ತಿದ್ದವನು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಡಹಿಂಗ್ಲಜದ ಬಸ್ಸು ಹತ್ತಿದೆ. ಕಾಟಾದ ಮೇಲೆ ಕೂತಾಗಲೂ, ಅಣ್ಣನ ಚೇಷ್ಟೆ ಇದ್ದದ್ದೇ, ಸೀಟಿನಲ್ಲಿ ಕೂತ ಮೇಲೆ ಎಲ್ಲ ಬೇರೆ ಇರುತ್ತದೆ ಎಂದುಕೊಂಡಿದ್ದೆ.

ತೂಗಿದ ಮೇಲೆ ಅಣ್ಣ ಕಾರು ಓಡಿಸಿಕೊಂಡು ಕೊಲ್ಹಾಪುರಕ್ಕೆ ಮುಂದೆ ಹೋದ. ಅವನ ಗೆಳೆಯನೊಬ್ಬ ಜೀಪು ತಂದಿದ್ದ. ಕೊಲ್ಹಾಪುರದ ವ್ಯಾಪಾರಿಯೊಬ್ಬನಿಗೆ ಮುಟ್ಟಿಸಬೇಕಾದ ಬೆಲ್ಲವನ್ನು ಅದರ ಹಿಂಭಾಗದಲ್ಲಿ ತುಂಬಿದ್ದರು. ಮುಂದಿನ ಸೀಟು ಖಾಲಿ ಇದ್ದರೂ ನನ್ನನ್ನು ಹಿಂದೆ, ಬೆಲ್ಲದ ಪೆಂಟಿಗಳ ನಡುವೆ ಕೂರಿಸಿದರು. ದಾರಿಯುದ್ದಕ್ಕೂ ಒಂದು ಪೆಂಟಿ ನನ್ನ ಮೊಣಕಾಲಿಗೆ ಬಡಿಯುತ್ತಲೇ ಇತ್ತು.

ಅಲೈನ್‌ಮೆಂಟ್ ಅಂಗಡಿಯವನು ಮರಾಠಿ ಮನುಷ್ಯ, ದಪ್ಪಗಿದ್ದ, ಮಾತು ಕಡಿಮೆ. ಕಾರನ್ನು ಲಿಫ್ಟಿನ ಹಲಗೆಗಳ ಮೇಲೆ ಹತ್ತಿಸಿ ನಾಲ್ಕೂ ಚಕ್ರಗಳಿಗೆ ಹಿಡಿಕೆ ಕಚ್ಚಿಸಿದ. ಗೋಡೆಯ ಪರದೆಯ ಮೇಲೆ ಕಾರಿನ ಚಿತ್ರ ಮೂಡಿತು. ಅದರ ಸುತ್ತ ಇದ್ದ ಅಂಕಿಗಳೆಲ್ಲ ಕೆಂಪು. ಅಣ್ಣ ನನ್ನ ಊರುಗೋಲನ್ನೂ ಕಾಲಿನ ಪಟ್ಟಿಯನ್ನೂ ಗೋಡೆಗೆ ಆನಿಸಿಟ್ಟ. ಜೇಬಿನಲ್ಲಿದ್ದ ಫೋನನ್ನು ಕೂಡ ತೂಕವೆಂದು ತೆಗೆದು ಮೇಜಿನ ಮೇಲೆ ಇಟ್ಟ. ಅವನೂ ಗೆಳೆಯನೂ ಸೇರಿ ನನ್ನನ್ನು ಎತ್ತಿ ಪಂಜರದ ಕೊಳವೆಗಳ ನಡುವಿನಿಂದ ಸೀಟಿನೊಳಗೆ ಇಳಿಸಿದರು. ಬೆಲ್ಟು ಬಿಗಿದು, ಜೀಪಿನಿಂದ ತಂದ ಬೆಲ್ಲದ ಪೆಂಟಿಯನ್ನು ತೊಡೆಯ ಮೇಲಿಟ್ಟರು.

“ಹಲೂ ನಕಾ,” ಎಂದ ಅಂಗಡಿಯವನು. ಅಳ್ಳಾಡಬೇಡ ಎಂದು.

ಲಿಫ್ಟು ನನ್ನ ಸಮೇತ ಕಾರನ್ನು ಆಳೆತ್ತರಕ್ಕೆ ಏರಿಸಿತು. ಕೈಗಳು ತಾವಾಗಿಯೇ ಸ್ಟಿಯರಿಂಗ್ ಹಿಡಿದವು.

“ಕೈ ತಗಿ,” ಎಂದ ಅಣ್ಣ ಕೆಳಗಿನಿಂದ. “ನೀ ಡ್ರೈವರ್ ಅಲ್ಲ, ತೂಕ. ಅಷ್ಟ.”

ಕೆಲಸ ನಿಧಾನದ್ದು. ಅಂಗಡಿಯವನು ಮೊದಲು ನಾಲ್ಕೂ ಮೂಲೆಗಳ ಎತ್ತರ ಅಳೆದು ಸ್ಪ್ರಿಂಗಿನ ಬಳೆಗಳನ್ನು ತಿರುಗಿಸಿದ. ಆಮೇಲೆ ಚಕ್ರದ ತಲೆ ಒಳಕ್ಕೆ ಎಷ್ಟು ವಾಲಬೇಕು ಎಂಬುದು. ತಿರುವಿನಲ್ಲಿ ಗಾಡಿ ಹೊರಕ್ಕೆ ವಾಲಿದಾಗ ಟೈರು ಪೂರ್ತಿ ನೆಲ ಕಚ್ಚಬೇಕಾದರೆ ಮೊದಲೇ ಅದನ್ನು ಸ್ವಲ್ಪ ಒಳಕ್ಕೆ ವಾಲಿಸಿಟ್ಟಿರಬೇಕು. ಇದಕ್ಕೆ ಕ್ಯಾಂಬರ್ ಎನ್ನುತ್ತಾರೆ. ಕೊನೆಗೆ ಟೋ, ಅಂದರೆ ಮುಂದಿನ ಎರಡು ಚಕ್ರಗಳ ಮೂತಿ ಒಳಮುಖವೋ ಹೊರಮುಖವೋ ಎಂಬುದು. ಕ್ರಮ ಹಿಂದುಮುಂದಾದರೆ ಒಂದನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು ಕೆಡುತ್ತದೆ. ನಾನು ಮೇಲಿನಿಂದ ಪರದೆ ನೋಡುತ್ತಿದ್ದೆ. ಒಂದೊಂದೇ ಅಂಕಿ ಹಸಿರಿಗೆ ತಿರುಗುತ್ತಿತ್ತು. ನನಗೆ ಬಾಯಾರಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಮೂತ್ರಕ್ಕೆ ಹೋಗಬೇಕಾಗಿತ್ತು.

ಟೋ ಒಂದು ಬಾಕಿ ಇರುವಾಗ ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು. ಲಿಫ್ಟು ಇದ್ದಲ್ಲೇ ಉಳಿಯಿತು.

“ಊಟಾ ಮಾಡಿಕೊಂಡ ಬರೋಣು ನಡೀರಿ,” ಎಂದ ಅಣ್ಣ. “ನಂದ ಪಾರ್ಟಿ.”

ಅಂಗಡಿಯವನು ನನ್ನ ಕಡೆ ಕೈ ತೋರಿಸಿ, ಇವನನ್ನು ಏನು ಮಾಡುವುದು ಎಂದು ಮರಾಠಿಯಲ್ಲಿ ಕೇಳಿದ.

“ಅಂವ ಎಲ್ಲಿ ಓಡಿ ಹೊಕ್ಕಾನರೀ?” ಎಂದ ಅಣ್ಣ.

“ಅಣ್ಣಾ, ನನ್ನ ಒಮ್ಮಿ ತೆಳಗ ಇಳಸು. ಒಂದಕ್ಕ ಹೋಗಬೇಕ,” ಎಂದೆ.

“ಇಳಿಸಿದ್ರ ಮತ್ತ ಎಲ್ಲಾ ಮೊದಲಿಂದ ಆಕ್ಕೈತಿ. ತಡಕೊ.”

ಅವರು ಊಟಕ್ಕೆ ಹೊರಟದ್ದು ಮಟನ್ನಿಗೆಂದು ನನಗೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ಆ ಮಾತನ್ನು ಬಾಯಲ್ಲಿ ಆಡುವುದೂ ಇಲ್ಲ. ದೊಡ್ಡಪ್ಪ ಕೊರಳಲ್ಲಿ ಲಿಂಗ ಇಲ್ಲದೆ ನೀರು ಕುಡಿದವನಲ್ಲ. ಅಣ್ಣ ಮಾತ್ರ ಕೊಲ್ಹಾಪುರಕ್ಕೆ ಬಂದರೆ ತಾಂಬಡಾ ರಸ್ಸಾ, ಅಂದರೆ ಮಟನ್ನಿನ ಕೆಂಪು ಸಾರು, ಕುಡಿಯದೆ ಹಿಂತಿರುಗುತ್ತಿರಲಿಲ್ಲ. ಹೊರಡುವಾಗ ಅಂಗಡಿಯವನು ಶಟರನ್ನು ಅರ್ಧಕ್ಕೆ ಎಳೆದ.

ಬೇಸಿಗೆ. ತಗಡಿನ ಮಾಡು. ಬೆಲ್ಟು ಬಿಚ್ಚಿಕೊಂಡೆ, ಆದರೆ ಇಳಿಯುವುದು ಹೇಗೆ? ಎರಡು ಕಾಲು ಸರಿ ಇದ್ದವನು ಜಿಗಿದುಬಿಡುತ್ತಿದ್ದ. ಕೆಳಗೆ ಸಿಮೆಂಟಿನ ನೆಲ, ಅದರ ಮೇಲೆ ನಟ್ಟು ತಿರುಗಿಸುವ ಪಾನಾಗಳು ಬಿದ್ದಿದ್ದವು. ಕೂಗಿದೆ. ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿಯವರು ಜನರೇಟರ್ ಹಚ್ಚಿದ್ದರು, ನನ್ನ ದನಿ ಯಾರಿಗೂ ಮುಟ್ಟಲಿಲ್ಲ. ಮೇಜಿನ ಮೇಲೆ ನನ್ನ ಫೋನು ರಿಂಗಾಯಿತು. ಆ ಹೊತ್ತಿಗೆ ನನಗೆ ಫೋನ್ ಮಾಡುವವಳು ಅವ್ವ ಒಬ್ಬಳೇ. ಅದು ಅಷ್ಟು ಹೊತ್ತು ಮೊಳಗಿ ನಿಂತಿತು. ಮತ್ತೆ ಮೊಳಗಿತು.

ತೊಡೆಯ ಮೇಲಿನ ಬೆಲ್ಲ ಬೆವರಿಗೆ ಕರಗಿ ಪ್ಯಾಂಟಿಗೆ ಅಂಟತೊಡಗಿತು. ನೊಣಗಳು ಬಂದವು. ಪೆಂಟಿಯನ್ನು ಎತ್ತಿ ಪಕ್ಕಕ್ಕೆ ಇಡೋಣವೆಂದರೆ ಅಣ್ಣ ಬೈಯುತ್ತಾನೆಂಬ ಭಯ. ಇಂದು ನೆನೆದರೆ ಅದೇ ಹೆಚ್ಚು ಉರಿಯುತ್ತದೆ. ಯಾರೂ ಇರಲಿಲ್ಲ, ಆದರೂ ಆ ಬೆಲ್ಲವನ್ನು ನಾನು ಕೈಯಾರೆ ಹಿಡಿದುಕೊಂಡೇ ಕೂತಿದ್ದೆ.

ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಫ್ಯಾನು ತಿರುಗಿತು, ಪರದೆ ಬೆಳಗಿತು, ಲಿಫ್ಟಿನ ಕಂಬದಲ್ಲಿ ಇಳಿಸುವ ಗುಂಡಿಯ ದೀಪವೂ ಹತ್ತಿತು. ಒತ್ತುವವರು ಇರಲಿಲ್ಲ. ತಡೆದೆ, ತಡೆದೆ, ಆಮೇಲೆ ತಡೆಯಲಾಗಲಿಲ್ಲ. ಬಿಸಿ ನೀರು ತೊಡೆಯ ಕೆಳಗೆ ಹರಿದು ಆ ತೊಟ್ಟಿಯಂಥ ಸೀಟಿನಲ್ಲಿ ನಿಂತುಕೊಂಡಿತು. ಆಗ ಅತ್ತಿಯೇನು ಎಂದು ಅವ್ವ ಎಷ್ಟೋ ದಿನಗಳ ಮೇಲೆ ಕೇಳಿದಳು. ಅಳಲಿಲ್ಲ. ಅವರು ಬರದಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ.

ಅವರು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ಬಂದರು. ಲಿಫ್ಟು ಸ್ವಲ್ಪ ಇಳಿಸಿದ ಮೇಲೆ ಅಣ್ಣ ಒಳಗೆ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡ.

“ಲೇ ಕುಂಟ್ಯಾ, ಪುಣೇದಿಂದ ತರಿಸಿದ್ದ ಸೀಟ ಅದು.”

ಗೆಳೆಯ ಆಗಲೇ ಫೋನ್ ಹಿಡಿದಿದ್ದ. ಅದು ನನ್ನ ಮುಖ, ಬೆಲ್ಲ, ಸೀಟು ಎಲ್ಲವನ್ನೂ ಸುತ್ತಿ ಬಂತು. ಫೋನ್ ತನ್ನ ಕಡೆ ತಿರುಗಿದೆ ಎಂದು ಕಂಡ ಮೇಲೆ ಅಣ್ಣ ದನಿ ಏರಿಸಿ ಅಂಗಡಿಯವನನ್ನು ಕೇಳಿದ, “ಏನ್ರಿ, ಇವನ ತೂಕ ಕಡಿಮಿ ಆತಲ್ಲ, ಈಗ ಅಲೈನ್‌ಮೆಂಟ್ ತಪ್ಪತೈತೇನು?”

ಅಷ್ಟು ಹೊತ್ತು ನಗದಿದ್ದ ಅಂಗಡಿಯವನೂ ನಕ್ಕ. “ಮಗ ಪಾಣಿ ಪಾಜಾ ತ್ಯಾಲಾ,” ಎಂದ. ಹಾಗಾದರೆ ಅವನಿಗೆ ನೀರು ಕುಡಿಸಿ ಎಂದು.

ಕುಡಿಸಿದರು. ಗೆಳೆಯ ವಿಡಿಯೋ ನಿಲ್ಲಿಸಲಿಲ್ಲ. ಅಣ್ಣ ಬಾಟಲಿಯನ್ನು ನನ್ನ ಬಾಯಿಗೆ ಹಿಡಿದು, ಅದು ಖಾಲಿಯಾಗುವವರೆಗೆ ತೆಗೆಯಲಿಲ್ಲ. ಆಮೇಲೆ ಟೋ ಬಾಕಿ ಇದೆ, ಕೂತಿರು ಎಂದ. ಬೆಲ್ಟನ್ನು ಮತ್ತೆ ಬಿಗಿದರು. ಅದೇ ಒದ್ದೆಯಲ್ಲಿ, ಅಂಗಡಿಯವನು ಕೆಳಗೆ ಸೇರಿ ರಾಡು ತಿರುಗಿಸಿ ಕೊನೆಯ ಅಂಕಿಗಳನ್ನು ಹಸಿರು ಮಾಡುವವರೆಗೆ ಕೂತಿದ್ದೆ.

ಇಳಿಸಿದ ಮೇಲೆ ಅಂಗಡಿಯವನೇ ಊರುಗೋಲು ತಂದುಕೊಟ್ಟ. ಅಣ್ಣ ಹತ್ತಿರದಲ್ಲೇ ನಿಂತಿದ್ದ.

ಅಂಗಡಿಯವನು ಮರಾಠಿಯಲ್ಲಿ ಕೇಳಿದ, ನೀನೇಕೆ ಬಂದೆ, ಉಸುಕಿನ ಚೀಲ ತಂದರೆ ಸಾಕು ಎಂದು ನಾನು ಫೋನಿನಲ್ಲೇ ಹೇಳಿದ್ದೆನಲ್ಲ. ಎಲ್ಲರೂ ಅದನ್ನೇ ತರುತ್ತಾರೆ.

ನಾನು ಅಣ್ಣನ ಮುಖ ನೋಡಿದೆ. ಜೀಪಿನ ತುಂಬ ಬೆಲ್ಲದ ಪೆಂಟಿಗಳಿದ್ದವು. ಉಸುಕೂ ಬೇಕಿರಲಿಲ್ಲ.

“ಉಸುಕಿನ ಚೀಲದಾಗ ಏನ ಮಜಾ ಐತಿ?” ಎಂದ ಅಣ್ಣ.

ಜೀಪಿನಲ್ಲಿ ಹತ್ತಿಸಿಕೊಳ್ಳಲಿಲ್ಲ. ಬೆಲ್ಲಕ್ಕೆ ವಾಸನೆ ಹತ್ತುತ್ತದೆ ಎಂದರು. ಬಸ್ಸಿನಲ್ಲಿ ಯಾರೂ ಕೂರದ ಹಿಂದಿನ ಮೂಲೆ ಹಿಡಿದು ಇಚಲಕರಂಜಿಗೆ ಬಂದೆ.

ನಾನು ಮನೆ ಮುಟ್ಟುವ ಮೊದಲೇ ವಿಡಿಯೋ ಮನೆತನದವರ ವಾಟ್ಸಾಪ್ ಗುಂಪಿಗೆ ಬಂದಿತ್ತು. ಮಹಾಗಾಂವದಲ್ಲಿದ್ದ ಅವ್ವನ ತಂಗಿ ಅವಳಿಗೆ ಫೋನ್ ಮಾಡಿ, ನೋಡಿದೆಯಾ ಎಂದು ಕೇಳಿದ್ದಳು. ಗುಂಪಿನಲ್ಲಿ ನಗುವ ಮುಖಗಳ ಸಾಲು. ದೊಡ್ಡಮ್ಮನೂ ಒಂದು ಹಾಕಿದ್ದಳು. ಅವ್ವ ನೀರು ಕಾಯಿಸಿಟ್ಟಿದ್ದಳು. ನಾನು ಜಳಕ ಮಾಡಿ ಬಂದು ಕೂತ ಮೇಲೆ ಹತ್ತಿರ ಬಂದು ಒಂದೇ ಮಾತು ಕೇಳಿದಳು.

“ಇಳಿಸಿದ ಮ್ಯಾಲ ಮತ್ತ ಯಾಕ ಕುಂತಿ?”

ಪೂರ್ತಿ ಇಳಿಸಿರಲಿಲ್ಲ ಎಂದೆ.

“ಬೈದಿಯೇನು? ಉಗುಳಿದಿಯೇನು? ಮತ್ತ ಯಾಕ ಕುಂತಿ?”

ಅವಳು ತಾಟು ಇಟ್ಟು ಒಳಗೆ ಹೋದಳು. ಅಂದು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಅಣ್ಣ ಮಾಡಿದ್ದಕ್ಕಿಂತ ಅವ್ವನ ಆ ಪ್ರಶ್ನೆ ನನ್ನನ್ನು ಹೆಚ್ಚು ಕೊಯ್ದಿತು. ಅವಳು ಬೇಕೆಂದೇ ಕೊಯ್ದಳು ಎಂದು ನನಗೆ ಅನಿಸುತ್ತದೆ.

ಮುಂದಿನ ರವಿವಾರ ಟ್ರ್ಯಾಕಿನಲ್ಲಿ ಸ್ಪರ್ಧೆ ಇತ್ತು. ಯಾರೂ ಕರೆಯದಿದ್ದರೂ ಹೋದೆ. ಆ ಕಾರು ಕೆಡುವುದನ್ನು ಕಣ್ಣಾರೆ ನೋಡಬೇಕಿತ್ತು. ಚಕ್ರ ಕಳಚಲಿ, ತಿರುವಿನಲ್ಲಿ ಜಾರಿ ಟೈರಿನ ಗೋಡೆಗೆ ಹೊಡೆಯಲಿ, ಪಂಜರದೊಳಗೆ ಅಣ್ಣ ಸಿಕ್ಕಿಕೊಂಡು ಕೂಗಲಿ, ಅವನನ್ನು ಇಳಿಸಲು ಬರುವವರು ನಿಧಾನವಾಗಿ ಬರಲಿ. ಬಸ್ಸಿನುದ್ದಕ್ಕೂ ಇದನ್ನೇ ಒಂದೊಂದಾಗಿ ಬೇಡಿಕೊಂಡೆ.

ಕಾರಿಗೆ ಏನೂ ಆಗಲಿಲ್ಲ. ನೇರ ದಾರಿಯಲ್ಲಿ ಎಳೆದು ಕಟ್ಟಿದ ದಾರದ ಮೇಲೆ ಹೋದ ಹಾಗೆ ಹೋಯಿತು. ಬ್ರೇಕು ಒತ್ತಿದಾಗ ಮೂತಿ ಎಡಕ್ಕೂ ಸರಿಯಲಿಲ್ಲ, ಬಲಕ್ಕೂ ಸರಿಯಲಿಲ್ಲ. ಬೇರೆಯವರ ಗಾಡಿಗಳು ಕಿರುಚಿಕೊಂಡು ಹೊರಕ್ಕೆ ಜಾರುತ್ತಿದ್ದ ದೊಡ್ಡ ತಿರುವಿನಲ್ಲಿ ಅದು ನೆಲ ಕಚ್ಚಿ ತಿರುಗಿತು. ನನ್ನ ತೂಕ ಅಷ್ಟು ಬರೋಬ್ಬರಿ ಇತ್ತು. ಅಣ್ಣ ಆ ದಿನ ಎಲ್ಲರಿಗಿಂತ ಮೊದಲಿಗನಾದ.

ಮಗ ಗೆಲ್ಲುವುದನ್ನು ನೋಡಲು ದೊಡ್ಡಪ್ಪನೂ ಬಂದಿದ್ದ. ಕೊಲ್ಹಾಪುರದ ಬೆಲ್ಲದ ವ್ಯಾಪಾರಿಗಳ ನಡುವೆ, ಶಾಮಿಯಾನದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಕಪ್ಪು ಕೊಟ್ಟ ಮೇಲೆ ಅಣ್ಣನ ಕೈಗೆ ಮೈಕು ಕೊಟ್ಟರು. ಅವನು ಜನರ ನಡುವೆ ನನ್ನನ್ನು ಕಂಡ.

“ನಮ್ಮ ಉಸುಕಿನ ಚೀಲ ಬಂದೈತಿ ನೋಡ್ರಿ ಅಲ್ಲಿ,” ಎಂದು ನನ್ನ ಕಡೆ ಬೆರಳು ತೋರಿಸಿದ. ಮರಾಠಿಯಲ್ಲೂ ಇನ್ನೊಮ್ಮೆ ಹೇಳಿದ. ವಿಡಿಯೋ ನೋಡಿದ್ದವರು ನಕ್ಕರು, ನೋಡದವರು ಪಕ್ಕದವರನ್ನು ಕೇಳಿ ತಿಳಿದುಕೊಂಡು ನಕ್ಕರು. ಕೆಲವರು ಚಪ್ಪಾಳೆ ಹೊಡೆದರು.

ನಾನು ಊರುಗೋಲು ಊರಿಕೊಂಡು ದೊಡ್ಡಪ್ಪನ ಕುರ್ಚಿಯ ಮುಂದೆ ಹೋಗಿ ನಿಂತೆ. ದಾರಿ ಬಿಟ್ಟ ವ್ಯಾಪಾರಿಗಳು ನನಗೆ ಏನೋ ಬಹುಮಾನ ಸಿಗುತ್ತದೆಂದು ತಿಳಿದಂತೆ ಕಂಡಿತು.

“ದೊಡ್ಡಪ್ಪಾ, ನೀವೂ ವಿಡಿಯೋ ನೋಡೀರಿ. ನನ್ನ ಮ್ಯಾಲ ಬಿಟ್ಟು ಇವರು ಎಲ್ಲಿ ಹೋಗಿದ್ರು ಅನ್ನೋದು ಅದರಾಗ ಇಲ್ಲ,” ಎಂದೆ. “ನಿಮ್ಮ ಮಗ ಮಟನ್ ತಿನ್ನಾಕ ಹೋಗಿದ್ದ. ಕೊಲ್ಹಾಪುರಕ್ಕ ಬಂದಾಗೆಲ್ಲಾ ತಿಂತಾನ.”

ಎಲ್ಲರಿಗೂ ತಿಳಿಯಲಿ ಎಂದು ಮಟನ್ ಎಂಬ ಮಾತನ್ನು ಬಿಡಿಸಿ, ಗಟ್ಟಿಯಾಗಿ ಹೇಳಿದ್ದೆ. ಅಕ್ಕಪಕ್ಕದ ವ್ಯಾಪಾರಿಗಳಲ್ಲಿ ಅರ್ಧದಷ್ಟು ಜನ ನಮ್ಮವರೇ, ಲಿಂಗ ಕಟ್ಟಿದವರು. ನಗು ನಿಂತಿತು. ಒಬ್ಬರು ನೆಲ ನೋಡಿದರು. ದೊಡ್ಡಪ್ಪನ ಕೈ ಕೊರಳಿನ ಕಡೆ ಹೋಗಿ ಅಲ್ಲೇ ನಿಂತಿತು. ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಅವನ ಮುಖ ಬಿಳಿಚಿಕೊಳ್ಳುವುದನ್ನು ಸಾವಧಾನವಾಗಿ ನೋಡಿದೆ.

ಅವನು ತಗ್ಗಿದ ದನಿಯಲ್ಲಿ ಹೇಳಿದ, “ಅದು ನನಗ ಗೊತ್ತೈತಿ.”

ಅವನು ಕೊರಳಿನಿಂದ ಕೈ ಇಳಿಸಿದ.

“ಇಷ್ಟ ವರ್ಷ ಗೊತ್ತೈತಿ. ಮನ್ಯಾಗಿಂದು ಮನ್ಯಾಗ ಇತ್ತು. ನೀ ಮಂದಿ ಮುಂದ ಹೇಳಿದಿ. ಇನ್ ಮ್ಯಾಲ ನನ್ನ ಹೊಸ್ತಿಲಾ ತುಳೀಬ್ಯಾಡ. ನಿಮ್ಮವ್ವಗೂ ಹೇಳು.”

“ನನ್ನ ವಿಡಿಯೋನೂ ಮಂದಿ ಮುಂದನ ಬಂತಲ್ರಿ?” ಎಂದೆ.

“ಅದು ಚೇಷ್ಟಿ,” ಎಂದ ದೊಡ್ಡಪ್ಪ. ನನ್ನನ್ನು ದಾಟಿ ಮಗನ ಕಡೆ ನೋಡಿ, ಕಪ್ಪು ಎತ್ತಿ ಹಿಡಿ, ಫೋಟೋ ತೆಗೆಯುತ್ತಾರೆ ಎಂದು ಸನ್ನೆ ಮಾಡಿದ.

ನಾನು ಬಸ್ಸು ಇಳಿಯುವಷ್ಟರಲ್ಲಿ ನಮ್ಮಿಬ್ಬರನ್ನೂ ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿದ್ದರು. ನಡೆದದ್ದನ್ನು ಅವ್ವನಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, “ಚಲೋ ಮಾಡಿದಿ,” ಎಂದಳು. ಆಮೇಲೆ, ದೊಡ್ಡಪ್ಪನ ಮುಖ ಹೇಗಾಯಿತು ಎಂದು ಇನ್ನೊಮ್ಮೆ ಹೇಳಿಸಿಕೊಂಡಳು. ಅಂದು ಇಬ್ಬರೂ ಒಟ್ಟಿಗೆ ಉಂಡೆವು.

ಆ ವರ್ಷದ ಕೊನೆಯಲ್ಲಿ ಅಣ್ಣನ ಮದುವೆ ಆಯಿತು. ಸೊಸೆ ಬರುವ ಮನೆಯೆಂದು, ಮದುವೆಯಲ್ಲಿ ತಾನು ಉಡಲು, ಅವ್ವ ಇದೆಲ್ಲ ನಡೆಯುವ ಮೊದಲೇ ಒಂದು ಇಳಕಲ್ ಸೀರೆ ಕೊಂಡು ಟ್ರಂಕಿನಲ್ಲಿ ಇಟ್ಟಿದ್ದಳು. ನಮಗೆ ಲಗ್ನಪತ್ರಿಕೆ ಬರಲಿಲ್ಲ. ಮಹಾಗಾಂವದಲ್ಲಿದ್ದ ಅವ್ವನ ತಂಗಿಗೆ ಬಂದಿತ್ತು. ನೀವು ಬರುವುದು ಬೇಡ ಎಂದು ನಮಗೆ ತಿಳಿಸುವ ಕೆಲಸವನ್ನೂ ಅವರು ಅವಳಿಗೇ ವಹಿಸಿದ್ದರು.

ಮದುವೆಯ ದಿನ ಅವ್ವ ಬೆಳಿಗ್ಗೆ ತಲೆಗೆ ಎರೆದುಕೊಂಡು, ಆ ಸೀರೆ ಉಟ್ಟು, ಕೈಚೀಲ ಹಿಡಿದು ಇಚಲಕರಂಜಿಯ ಸಂತೆಗೆ ಹೊರಟಳು. ನಾನೂ ಜೊತೆಗೆ ಹೋದೆ. ಸೆರಗನ್ನು ತಲೆಯ ತುಂಬ ಹೊದ್ದುಕೊಂಡು ಸೊಪ್ಪಿನ ಗುಡ್ಡೆಗಳ ನಡುವೆ ನಡೆದಳು. ಕೆಸರು ತಾಗಿದರೂ ನಿರಿಗೆ ಎತ್ತಿ ಹಿಡಿಯಲಿಲ್ಲ. ಪರಿಚಯದ ಹೆಂಗಸೊಬ್ಬಳು, ಮನೆಯಲ್ಲಿ ಏನು ಕಾರ್ಯ ಎಂದು ಕೇಳಿದಳು.

“ಏನಿಲ್ರಿ,” ಎಂದಳು ಅವ್ವ. “ಮೆಂತೇಪಲ್ಲೆ ತೊಗೊಳಾಕ ಬಂದೇನಿ.”